ಕರಿ ಕ್ಯಾಮೆರಾಕ್ಕೆ ನೀವು ಮಾಡಿದ ಅನ್ಯಾಯ

ಮಾಮಾ,

ನಿಮ್ಮ ಅಕ್ಕನ ಮಗಳು ಅಂಬಿ ಬರೆಯುತ್ತಿದ್ದೇನೆ, ದೇವಳಾಲಿಯ ಮಿಲಿಟರಿ ಕ್ಯಾಂಪಿನಿಂದ. ಕ್ಷೇಮವೇ ಎಂದು ಕೇಳುವುದಿಲ್ಲ. ನೀವಿರುವ ಕಡೆ ಬಿ.ಪಿ. ಗುಳಿಗೆಯಿಲ್ಲ, ಬ್ಯಾಂಕಿನ ಆಡಿಟ್ ಇಲ್ಲ, ಕ್ಷೇಮವಲ್ಲದೆ ಇನ್ನೇನು? ನೀವು ಹೋಗಿ ವರ್ಷ ತುಂಬುತ್ತ ಬಂತು. ಮನೆಗೆ ಬಂದವರೆಲ್ಲ ನಿಮ್ಮ ಬಗ್ಗೆ ಒಳ್ಳೆಯದನ್ನೇ ಆಡಿ, ಚಹಾ ಕುಡಿದು ಎದ್ದು ಹೋಗುತ್ತಾರೆ. ನನಗೆ ಹಾಗೆ ಆಡಲು ಬರುವುದಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಅದನ್ನು ಬೇರೆ ಯಾರ ಮುಂದೆ ತೆಗೆದರೂ "ಸತ್ತವರ ಮ್ಯಾಲ ಎಂಥಾ ಸಿಟ್ಟವಾ" ಎಂದು ಬಾಯಿ ಮುಚ್ಚಿಸುತ್ತಾರೆ. ಅದಕ್ಕೇ ನಿಮಗೇ ನೇರವಾಗಿ ಬರೆಯುತ್ತಿದ್ದೇನೆ. ನನಗೆ ಕನ್ನಡ ಅಕ್ಷರ ತಿದ್ದಿಸಿದವರೂ ನೀವೇ. ಇದರಲ್ಲಿ ತಪ್ಪುಗಳಿದ್ದರೆ ಅರ್ಧ ನಿಮ್ಮವು.

ನಿಮ್ಮನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಸಂಭಾಜಿನಗರದ ನಿಮ್ಮ ಚಿಕಲಠಾಣಾ ಮನೆಯ ಅಂಗಳ, ಭಾನುವಾರದ ಬೆಳಗು. ಅಂಗಿಯ ಒಂದು ಕಿಸೆಯಲ್ಲಿ ಬೆಳ್ಳಿ ಬಣ್ಣದ ಕ್ಯಾಮೆರಾ, ಇನ್ನೊಂದು ಕಿಸೆಯಲ್ಲಿ ಕರಿ ಕ್ಯಾಮೆರಾ. ಎರಡೂ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣವು. "ದಿನಾ ಕಿಸೇದಾಗ ಇಟ್ಕೊಂಡು ತಿರಗಾಡ್ಲಾಕ ಯಾವುದು ಛಲೋ?" ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನೀವು ಎಷ್ಟು ವರ್ಷ ಕಳೆದಿರಿ! ಜನ ಹೋಲಿಸಿ ನೋಡಿ ಒಂದನ್ನು ಕೊಳ್ಳುತ್ತಾರೆ. ನೀವು ಒಂದನ್ನು ಕೊಂಡಿರಿ, ಬ್ಯಾಂಕಿನಲ್ಲಿ ಯಾರೋ ಇನ್ನೊಂದನ್ನು ಹೊಗಳಿದರೆಂದು ಅದನ್ನೂ ಕೊಂಡಿರಿ, ಯಾಕೆ ಎಂದರೆ ಹೋಲಿಸಲಿಕ್ಕೆ! ಆಮೇಲೆ ಬಳಗದವರೆಲ್ಲ ನಿಮ್ಮ ಮುಂದೆ ಎರಡೆರಡು ಸಲ ನಿಲ್ಲಬೇಕಾಯಿತು. ಮೊದಲು ಬೆಳ್ಳಿಯದರಲ್ಲಿ ಒಂದು. "ಅಲಗಾಡಬ್ಯಾಡ್ರಿ, ಹಂಗೇ ನಿಂದರ್ರಿ" ಎಂದು ಅದನ್ನು ಕಿಸೆಗೆ ಇಳಿಸಿ, ಕರಿಯದನ್ನು ಹೊರತೆಗೆದು ಇನ್ನೊಂದು. ಜನ ಮುಖ ಸಿಂಡರಿಸಿದರೆ ನಿಮ್ಮದೊಂದು ಸಮಾಧಾನ: "ಎರಡನೇದು ಬರೇ ಪರೀಕ್ಷಾಕ್ಕ. ಲೆಕ್ಕಕ್ಕಿಲ್ಲ." ನಿಮ್ಮ ಮಗಳು ವಿದ್ಯಾಳ ಮದುವೆಯಲ್ಲಿ ಬೀಗರನ್ನೂ ಬಿಡಲಿಲ್ಲ. ಅಕ್ಷತೆ ಬಿದ್ದ ಮೇಲೆ ಹಸಿದು ನಿಂತ ಬೀಗತಿ ಕಾಶೀಬಾಯಿಯವರು, "ಇವರು ನಮ್ಮ ಫೋಟೋ ತೆಗೀಲತ್ತಾರೋ ಎಕ್ಸ್‌ರೇ ತೆಗೀಲತ್ತಾರೋ" ಎಂದದ್ದು ಇಡೀ ಹಾಲಿಗೆ ಕೇಳಿಸಿತ್ತು. ನಿಮಗೆ ಮಾತ್ರ ಕೇಳಿಸಲಿಲ್ಲ. ನೀವು ಕಿಸೆಯಲ್ಲಿ ಕರಿಯದನ್ನು ಹುಡುಕುತ್ತಿದ್ದಿರಿ.

ಒಮ್ಮೆ ಎರಡನ್ನೂ ನನ್ನ ಕೈಗೆ ಕೊಟ್ಟು, "ನೀ ಯಾರ ಮುಲಾಜಿಗೂ ಬೀಳಾಕಿ ಅಲ್ಲ. ಖರೇ ಹೇಳು" ಎಂದಿದ್ದಿರಿ. ನಾನು ಹೇಳಿದೆ. ಬೆಳ್ಳಿಯದು ನೋಡಲು ಚೆಂದ, ದೂರದ್ದನ್ನು ಹತ್ತಿರಕ್ಕೆ ಎಳೆಯುತ್ತದೆ, ಪರದೆ ತಿರುಗಿಸಿ ನಮ್ಮನ್ನು ನಾವೇ ನೋಡಿಕೊಳ್ಳಬಹುದು. ಆದರೆ ಒತ್ತಿದರೆ ಕೊರ್ ಎಂದು ಲೆನ್ಸಿನ ಸೊಂಡಿಲು ಚಾಚಿ ಎಚ್ಚರವಾಗುವಷ್ಟರಲ್ಲಿ ಎದುರಿಗಿದ್ದ ಬೆಕ್ಕು ಗೋಡೆ ಹಾರಿರುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮುಖಗಳು ಮೊಸರು ಹಚ್ಚಿದ ಹಾಗೆ ನುಣ್ಣಗಾಗುತ್ತವೆ. ಕರಿಯದಕ್ಕೆ ಸೊಂಡಿಲಿಲ್ಲ. ದೂರದ್ದು ದೂರವೇ ಉಳಿಯುತ್ತದೆ, ಬೇಕಿದ್ದರೆ ನಾವೇ ಎದ್ದು ಹತ್ತಿರ ಹೋಗಬೇಕು. ಪರದೆ ಕದಲುವುದಿಲ್ಲ. ಗುಂಡಿಗಳು ನನ್ನ ಬೆರಳಿಗೂ ಸಣ್ಣವು. ತೀರ ಹತ್ತಿರ ಹಿಡಿದರೆ ಕೆಲವು ಸಲ ಮೂಗು ಬಿಟ್ಟು ಹಿಂದಿನ ಗೋಡೆ ಸ್ಪಷ್ಟವಾಗುತ್ತದೆ. ಆದರೆ ತೆಗೆದ ಕೂಡಲೇ ಸಿದ್ಧ, ಮಬ್ಬು ಬೆಳಕಿಗೆ ಹೆದರುವುದಿಲ್ಲ, ಇಕ್ಕಟ್ಟಾದ ಕೋಣೆಯಲ್ಲೂ ಎಲ್ಲರನ್ನೂ ಒಳಗೆ ಹಿಡಿಯುತ್ತದೆ, ಮುಖ ಮುಖದ ಹಾಗೆ ಬರುತ್ತದೆ. "ದಿನದ ಬಳಕಿಗೆ ಕರೇದು" ಎಂದೆ. ನೀವು ನಕ್ಕು, "ನೀ ಯಾವಾಗಲೂ ಉಲ್ಟಾನೇ ಹೇಳಾಕಿ. ಕರೇದು ಮಾರಿ ಕೆಡಸ್ತದ. ಎಲ್ಲಾರದೂ ನೋಡೀನಿ" ಎಂದಿರಿ. ಹಾಗಾದರೆ ಕೇಳಿದ್ದು ಯಾಕೆ?

ನಾನು ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟಾಗ ಎಲ್ಲರೂ ಕಾರಣ ಕೇಳಿದರು. ಒಂದು ಕಡೆ ಕೂಡ್ರಲಾಗಲಿಲ್ಲ, ಅಷ್ಟೇ. ಮಾಸ್ತರರು ಕೆಟ್ಟವರು, ಕಣ್ಣು ನೋಯುತ್ತಿತ್ತು ಎಂದೆಲ್ಲ ನಾನು ಹೇಳಲಿಲ್ಲ. ಈಗ ಕ್ಯಾಂಪಿನಲ್ಲಿ ಫೋಟೋ, ಝೆರಾಕ್ಸ್, ರಿಚಾರ್ಜ್ ಎಲ್ಲ ಇರುವ ಒಂದು ಅಂಗಡಿಯಲ್ಲಿದ್ದೇನೆ. ಫೌಜಿಗಳ ಹೆಂಡತಿಯರು ಮಕ್ಕಳನ್ನು ಕರೆದುಕೊಂಡು ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬರುತ್ತಾರೆ. ನಾನು ಕ್ಯಾಮೆರಾದ ಮಾತೆತ್ತಿದರೆ ಸಾಕು, ಎಲ್ಲರದೂ ಒಂದೇ ಪಾಠ: "ಮೊಬೈಲ್ ಆಹೇ ನಾ? ಕಶಾಲಾ ಪಾಯಿಜೆ ಕ್ಯಾಮೆರಾ?" ಮೊಬೈಲ್ ಇರುವಾಗ ಕ್ಯಾಮೆರಾ ಯಾಕಂತೆ! ಮೊಬೈಲಿನಲ್ಲಿ ಎಷ್ಟೋ ಫೋಟೋಗಳು ಈ ಎರಡಕ್ಕಿಂತ ಚೆನ್ನಾಗಿ ಬರುತ್ತವೆ, ಅದನ್ನೂ ಒಪ್ಪುತ್ತೇನೆ. ಆದರೆ ಗುಂಡಿ ಒತ್ತುವ ಹೊತ್ತಿಗೇ ಯಾರದೋ ಫೋನು ಬರುತ್ತದೆ. ಎದುರಿಗಿದ್ದವರು "ತೋರ್ಸು, ತೋರ್ಸು" ಎಂದು ಕೈಯಿಂದ ಕಸಿದುಕೊಂಡು ನನ್ನ ಮೆಸೇಜುಗಳನ್ನೂ ಓದುತ್ತಾರೆ. ಕ್ಯಾಮೆರಾ ಫೋಟೋ ತೆಗೆಯುತ್ತದೆ, ಬೇರೇನನ್ನೂ ಮಾಡುವುದಿಲ್ಲ. ನಾನೂ ಅದನ್ನು ಹಿಡಿದಾಗ ಬೇರೇನನ್ನೂ ಮಾಡುವುದಿಲ್ಲ. ನನ್ನಂಥವಳಿಗೆ ಇದು ಸಣ್ಣ ಮಾತಲ್ಲ, ನಿಮಗೆ ಗೊತ್ತಿತ್ತು.

ಅತ್ತಿ ಫೋನು ಮಾಡಿದ ದಿನ ಅಂಗಡಿಯಲ್ಲಿ ಕರೆಂಟು ಹೋಗಿತ್ತು. ನೀವು ಹೋದ ಮೇಲೆ ನಿಮ್ಮ ಹೆಂಡತಿ ಯಾರಿಗೂ ಫೋನು ಮಾಡಿದವರೇ ಅಲ್ಲ, ಹಾಗಾಗಿ ಗಾಬರಿಯಾಯಿತು. "ವಿದ್ಯಾಂದು ಕುಬಸ ಅದ ಅಂಬಿ, ಸಿನ್ನರದಾಗ, ಬೀಗರ ಮನ್ಯಾಗೇ. ನೀ ಫೋಟೋ ತೆಗೀಬೇಕು" ಎಂದರು. ಆಗ ನಿಮ್ಮ ಮಗಳು ಏಳು ತಿಂಗಳ ಬಸುರಿ! ಇದೂ ನಿಮಗೆ ಗೊತ್ತಿಲ್ಲವಲ್ಲ… ಆಮೇಲೆ ವಿದ್ಯಾ ಬೇರೆಯಾಗಿ ಫೋನು ಮಾಡಿದಳು. "ನನಗ ಹೂವಿನ ದಾಗೀನ ಬ್ಯಾಡ, ಜೋಕಾಲಿ ಬ್ಯಾಡ. ಅವ್ವ ನನ್ನ ಬಾಜೂಕ ನಿಂತಿದ್ದು ಒಂದು ಫೋಟೋ ಬೇಕು. ಆಕಿ ಒಳಗೇ ಇರ್ತೀನಿ ಅನ್ಲತ್ತಾಳ. ನೀ ಏನ್ ಮಾಡ್ತಿಯೋ ಮಾಡು." ಅತ್ತಿಯನ್ನು ಕೇಳಿದರೆ, "ಮುತ್ತೈದೇರ ಕಾರ್ಯ ಅದು. ನಾ ಮುಂದ ಬಂದು ಯಾಕ ಮಂದಿ ಬಾಯಾಗ ಬೀಳ್ಲಿ?" ಎಂದರು. ನಿಮಗೆ ನೆನಪಿದೆಯೇ, "ನಮ್ಮಲ್ಲಿ ಇದೆಲ್ಲ ಇಲ್ಲ" ಎಂದು ನೀವು ಎಷ್ಟು ಅಭಿಮಾನದಿಂದ ಹೇಳುತ್ತಿದ್ದಿರಿ? ಕಾಶೀಬಾಯಿಯವರೂ ಹೇಳುತ್ತಾರೆ, ನಮ್ಮ ಮಠದ ಸ್ವಾಮಿಗಳೂ ಹೇಳುತ್ತಾರೆ. ಇಲ್ಲ ಇಲ್ಲ ಎನ್ನುತ್ತಲೇ ಗಂಡ ಸತ್ತವಳನ್ನು ಅಡಿಗೆಮನೆಯ ಬಾಗಿಲಿನಾಚೆ ನಿಲ್ಲಿಸುತ್ತಾರೆ. ನಮ್ಮಲ್ಲಿ ಇದ್ದಿದ್ದರೆ ಎಲ್ಲಿ ನಿಲ್ಲಿಸುತ್ತಿದ್ದರೋ!

ಕ್ಯಾಮೆರಾ ತರಲೆಂದು ಎಸ್.ಟಿ. ಬಸ್ಸು ಹಿಡಿದು ಚಿಕಲಠಾಣಾಕ್ಕೆ ಹೋದೆ. ಅತ್ತಿ ಎರಡನ್ನೂ ನಿಮ್ಮ ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರು. ಬೆಳ್ಳಿಯದಕ್ಕೆ ಚೀಲವಿತ್ತು, ಕರಿಯದನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದರು. "ಬಿಳೇದು ಒಯ್ಯಿ. ಕರೇದು ಯಾರಿಗರೆ ಕೊಟ್ಟು ಬಿಡೋಣು, ಮಾರಿ ಕೆಡಸ್ತದ ಅಂತಿದ್ರು" ಎಂದರು. ನಿಮ್ಮ ತೀರ್ಪು ನಿಮ್ಮ ಮನೆಯಲ್ಲಿ ಹಾಗೆ ಉಳಿದಿದೆ ನೋಡಿ, ದೇವರ ಮಾತಿನ ಹಾಗೆ. ನನಗೆ ತಲೆ ಕೆಟ್ಟಿತು. "ಒಂದ್ಸಲ ನೋಡೇ ಬಿಡೋಣು ಅತ್ತಿ, ಎಷ್ಟು ಕೆಡಿಸ್ಯಾದ ಅಂತ" ಎಂದು ಎರಡರ ಕಾರ್ಡುಗಳನ್ನೂ ನಿಮ್ಮ ಕಂಪ್ಯೂಟರಿಗೆ ಹಾಕಿ, ಜೋಡಿ ಜೋಡಿಯಾಗಿ ಪಕ್ಕದಲ್ಲಿಟ್ಟು ನೋಡುತ್ತ ಕೂತೆವು.

ಮೊದಲ ಜೋಡಿ ಅತ್ತಿಯದೇ, ಅಂಗಳದ ಕರಿಬೇವಿನ ಗಿಡದ ಮುಂದೆ. ಬೆಳ್ಳಿಯದರಲ್ಲಿ ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಮತದಾರರ ಚೀಟಿಯಲ್ಲಿ ಇರುವಂತೆ ನಿಂತಿದ್ದಾರೆ. ಕರಿಯದರಲ್ಲಿ ಅರ್ಧ ತಿರುಗಿದ್ದಾರೆ, ಬಾಯಿ ತೆರೆದಿದೆ, ಕೈ ಅಡಿಗೆಮನೆಯ ಕಡೆ ತೋರಿಸುತ್ತಿದೆ. ಅತ್ತಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಹಾಲು ಉಕ್ಕತದ ಬಿಡ್ರಿ ಅಂತ ಒದರ್ಲತ್ತಿದ್ದೆ" ಎಂದು ನಗತೊಡಗಿದರು. ಮುಂದಿನ ಜೋಡಿಯೂ ಹಾಗೆಯೇ, ಅದರ ಮುಂದಿನದೂ. ನಮ್ಮವ್ವ ಬೆಳ್ಳಿಯದರಲ್ಲಿ ಗಂಭೀರವಾಗಿ ನಿಂತು ಕರಿಯದರಲ್ಲಿ ಆಕಳಿಸುತ್ತಿದ್ದಾಳೆ. ವಿದ್ಯಾ ಬೆಳ್ಳಿಯದರಲ್ಲಿ ಮುಗುಳ್ನಗುತ್ತಿದ್ದಾಳೆ, ಕರಿಯದರಲ್ಲಿ ನಿಮಗೆ ನಾಲಗೆ ತೋರಿಸುತ್ತಿದ್ದಾಳೆ. ಕಾಶೀಬಾಯಿಯವರ ಎಕ್ಸ್‌ರೇ ಮುಖವೂ ಅಲ್ಲೇ ಇದೆ.

ನನಗೆ ಹೊಳೆದಾಗ ಎದ್ದು ನಿಂತುಬಿಟ್ಟೆ. ಅಂಗಡಿಯಲ್ಲಿ ದಿನವೂ ನೋಡುತ್ತೇನಲ್ಲ! ಜನ ಸ್ಟೂಲಿನ ಮೇಲೆ ಕೂತು ಮುಖ ಕಟ್ಟಿಕೊಳ್ಳುತ್ತಾರೆ, ಕ್ಲಿಕ್ ಎಂದ ಕೂಡಲೇ ಮುಖ ಬಿಚ್ಚಿಬಿಡುತ್ತಾರೆ. ಮಾಮಾ, ನೀವು ಪ್ರತಿ ಸಲವೂ ಬೆಳ್ಳಿಯದನ್ನು ಮೊದಲು ಹಿಡಿದಿರಿ. ಜನ ಕಷ್ಟಪಟ್ಟು ಕಟ್ಟಿಕೊಂಡ ಮುಖವೆಲ್ಲ ಅದಕ್ಕೆ ಸಿಕ್ಕಿತು. ಕರಿಯದು ಹೊರಬರುವಷ್ಟರಲ್ಲಿ ಅವರು ದಣಿದಿದ್ದರು, ಬಯ್ಯುತ್ತಿದ್ದರು, ನಗುತ್ತಿದ್ದರು. ಮುಖ ಕೆಡಿಸಿದ್ದು ಕ್ಯಾಮೆರಾವೇ? ಬಡ್ಡಿ ದರದಲ್ಲಿ ಒಂದು ಚುಕ್ಕಿ ತಪ್ಪಿದರೂ ಹಿಡಿಯುತ್ತಿದ್ದ ನಿಮಗೆ, ಒಂದೇ ಒಂದು ಸಲ ಪಾಳಿ ಬದಲಿಸಿ ನೋಡೋಣ ಎಂದು ಅನ್ನಿಸಲಿಲ್ಲವೇ? ಅಷ್ಟು ವರ್ಷಗಳಲ್ಲಿ? ನಾನು ಹೇಳಿದಾಗ ಉಲ್ಟಾ ಎಂದು ನಕ್ಕಿರಲ್ಲ…

ಅತ್ತಿಯನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಅದೇ ಕರಿಬೇವಿನ ಮುಂದೆ ನಿಲ್ಲಿಸಿದೆ. ಈ ಸಲ ಕರಿಯದು ಮೊದಲು, ಬೆಳ್ಳಿಯದು ಆಮೇಲೆ. ಮತ್ತೆ ಕಂಪ್ಯೂಟರಿಗೆ ಹಾಕಿ ತೋರಿಸಿದೆ. ಕರಿಯದರಲ್ಲಿ ಅತ್ತಿ ನೆಟ್ಟಗೆ ನಿಂತಿದ್ದರು, ಬೆಳ್ಳಿಯದರಲ್ಲಿ ಒಂದು ಕಣ್ಣು ಮುಚ್ಚಿ ಸೊಳ್ಳೆ ಹೊಡೆಯುತ್ತಿದ್ದರು. ಅತ್ತಿ ಎರಡನ್ನೂ ಇನ್ನೊಮ್ಮೆ ಬಗ್ಗಿ ನೋಡಿದರು. "ಅಂದ್ರ ಈಗ ಬಿಳೇದು ಮಾರಿ ಕೆಡಿಸ್ಯಾದ?"

"ಯಾವುದೂ ಕೆಡಿಸಿಲ್ರಿ. ಮಾಮಾ ಪಾಳಿ ತಪ್ಪಸ್ಯಾರ."

"ಅವರು ಹಂಗೇ. ಒಮ್ಮಿ ಗಂಟ ಹಾಕಿದ್ರ ಬಿಚ್ಚಂಗಿಲ್ಲ" ಎಂದು ಕರಿಯದನ್ನು ಬನಿಯನ್ನಿನಿಂದ ಒರೆಸಿ ನನ್ನ ಕೈಗಿಟ್ಟರು. ಅವರ ದನಿಯಲ್ಲಿ ದುಃಖಕ್ಕಿಂತ ಕಿರಿಕಿರಿಯೇ ಹೆಚ್ಚು ಕೇಳಿಸಿತು. ನನಗೆ ಅದು ಇಷ್ಟವಾಯಿತು. ಎರಡನ್ನೂ ತೆಗೆದುಕೊಂಡು ಬಂದೆ.

ಸಿನ್ನರದ ಆ ಮನೆ ನಿಮಗೆ ಗೊತ್ತಿದೆ, ಅಳಿಯನ ಕಾರ್ಖಾನೆಯಿಂದ ದೂರವಿಲ್ಲದ ಎರಡು ಕೋಣೆಯದು. ಕುಬಸದ ದಿನ ಅದರೊಳಗೆ ಎರಡೂ ಕಡೆಯ ಬಳಗ, ಅದರ ಮೇಲೆ ಓಣಿಯ ಮರಾಠಿ ಹೆಂಗಸರು. ಕಲಬುರಗಿ ಬಿಟ್ಟು ಬಂದ ಮೇಲೆ ಕಾಶೀಬಾಯಿಯವರಿಗೆ ಎರಡೂ ಊರಿನ ಪದ್ಧತಿ ಬೇಕು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು ನಮ್ಮದು. ಹೂವಿನ ದಾಗೀನು, ಥರ್ಮೊಕೋಲಿನ ಬಿಲ್ಲು ಬಾಣ, ಮುಚ್ಚಿಟ್ಟ ಬಟ್ಟಲಲ್ಲಿ ಪೇಢೆಯೋ ಬರ್ಫಿಯೋ ನೋಡಿ ಮಗು ಗಂಡೋ ಹೆಣ್ಣೋ ಎಂದು ಊಹಿಸುವ ಆಟ ಅವರದು. ವಿದ್ಯಾ ಬಟ್ಟಲು ತೆರೆಯುವುದನ್ನು ಬೆಳ್ಳಿಯದರಲ್ಲಿ ಹಿಡಿಯಲು ಹೋದೆ. ಸೊಂಡಿಲು ಚಾಚಿ ಮುಗಿಯುವಷ್ಟರಲ್ಲಿ ಅವಳು ಪೇಢೆ ತಿಂದಿದ್ದಳು. ದಿನದ ಬಳಕೆಯ ಕ್ಯಾಮೆರಾ ಎಂದರೆ ಇದೇ ಏನು?

ಅತ್ತಿ ಬಂದವರೇ ಅಡಿಗೆಮನೆ ಹೊಕ್ಕು ಭಜಿ ಕರಿಯಲು ಕೂತಿದ್ದರು. ಕರಿಯುವವರು ಬೇರೆ ಇದ್ದರು, ಆದರೂ. ಉಡಿ ತುಂಬುವಾಗ ಬಾಗಿಲ ಚೌಕಟ್ಟಿಗೆ ಬಂದು ನಿಂತು ಮಗಳನ್ನು ನೋಡುತ್ತಿದ್ದರು. ನಾನು ಹಾಲಿನ ಈ ತುದಿಯಲ್ಲಿದ್ದೆ. ಬೆಳ್ಳಿಯದರಲ್ಲಿ ಅವರನ್ನು ಹತ್ತಿರಕ್ಕೆ ಎಳೆದುಕೊಂಡು ಒತ್ತಿದೆ. ಯಾರಿಗೂ ಗೊತ್ತಾಗಲಿಲ್ಲ. ಫೋಟೋ ಚೆನ್ನಾಗಿಯೇ ಬಂದಿತ್ತು, ಮೂಗುತಿಯಿಲ್ಲದ ಮೂಗಿನ ಗುರುತು ಕೂಡ ಕಾಣುತ್ತಿತ್ತು. ಅದನ್ನು ನೋಡಿದಷ್ಟೂ ನನಗೆ ಸಿಟ್ಟು ಏರಿತು. ಆ ಮನೆಯಲ್ಲಿ ಪಾತ್ರೆ ತಿಕ್ಕಲು ಬಂದವರು ಹಬ್ಬ ನೋಡುತ್ತ ನಿಂತ ಹಾಗಿತ್ತು. "ದೂರ ನಿಂತು ತೆಗಿ, ಯಾರಿಗೂ ತ್ರಾಸಿಲ್ಲ" ಎಂದು ನೀವು ಆ ಸೊಂಡಿಲನ್ನು ಹೊಗಳುತ್ತಿದ್ದಿರಿ. ಹೌದು ಮಾಮಾ, ಯಾರಿಗೂ ತ್ರಾಸಾಗಲಿಲ್ಲ. ಅತ್ತಿ ಅಲ್ಲೇ ಉಳಿದರು. ಇದನ್ನೇ ತೆಗೆದುಕೊಂಡು ಹೋಗಿ ವಿದ್ಯಾಳಿಗೆ "ತಗೋ, ನಿಮ್ಮವ್ವ ಬಂದಾಳ" ಎನ್ನಲೇ?

ಊಟಕ್ಕೆ ಮುಂಚೆ ಕಾಶೀಬಾಯಿಯವರು ಎಲ್ಲರನ್ನೂ ಜೋಕಾಲಿಯ ಸುತ್ತ ನಿಲ್ಲಿಸತೊಡಗಿದರು. ನಾನು ಕರಿಯದನ್ನು ಹಿಡಿದುಕೊಂಡು, "ಅತ್ತೀ, ನೀವೂ ಬರ್ರಿ" ಎಂದು ಕೂಗಿದೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಅವರು ಆಮ್ಯಾಲ ಬರ್ತಾರವಾ. ಮೊದಲ ಮುತ್ತೈದೇರದು ಆಗ್ಲಿ" ಎಂದರು ಕಾಶೀಬಾಯಿ. ದನಿ ಕೆಟ್ಟದಾಗೇನೂ ಇರಲಿಲ್ಲ. ನನ್ನ ಮುಖ ನೋಡಿ ಅವರೇ ಒಂದು ದಾರಿಯನ್ನೂ ಹುಡುಕಿದರು. "ನಿಮ್ಮ ಮಾಮಾ ಎರಡೆರಡು ತೆಗೀತಿದ್ರಲ್ಲ? ಎರಡನೇದಕ್ಕ ನಿಂದರ್ಲಿ. ಅದು ಲೆಕ್ಕಕ್ಕಿಲ್ಲ ಅಂತಿದ್ರು."

ಎಲ್ಲರೂ ನಕ್ಕರು. ಅತ್ತಿಯೂ ಬಾಗಿಲಿನಿಂದಲೇ ನಕ್ಕು, "ಹೌದವಾ, ನಾ ಎರಡನೇದಕ್ಕ ಬರ್ತೀನಿ" ಎಂದರು. ಮಾಮಾ, ನಿಮ್ಮ ಮಾತು ಎಲ್ಲಿಗೆ ಬಂದು ಬಿತ್ತು ನೋಡಿ! ಕ್ಯಾಮೆರಾದ ಬಗ್ಗೆ ಹೇಳಿದ್ದನ್ನು ತಂದು ನಿಮ್ಮ ಹೆಂಡತಿಯ ಮೇಲೆ ಹೊದಿಸಿದರು, ಅವರೂ ಹೊದ್ದುಕೊಂಡರು. ನಾನು ಸುಮ್ಮನೆ ಹೂಂ ಅಂದಿದ್ದರೆ ಕೆಲಸ ಆಗುತ್ತಿತ್ತು, ವಿದ್ಯಾಳಿಗೆ ಬೇಕಾದ ಫೋಟೋ ಸಿಗುತ್ತಿತ್ತು. ಜಾಣರು ಹಾಗೇ ಮಾಡುತ್ತಾರೆ. ನನ್ನಿಂದ ಆಗಲಿಲ್ಲ.

"ಲೆಕ್ಕಕ್ಕ ಅದರಿ. ಮಾಮಾಂದೇ ತಪ್ಪಾಗಿತ್ತು" ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಪಾಳಿ, ಕಟ್ಟಿಕೊಂಡ ಮುಖ, ಬಿಚ್ಚಿದ ಮುಖ, ಕರಿಬೇವಿನ ಗಿಡ, ಸೊಳ್ಳೆ. ಅಲ್ಲಿ ಹುಗ್ಗಿ ಆರುತ್ತಿತ್ತು, ಜನ ಹಸಿದಿದ್ದರು. ನಮ್ಮವ್ವ ಹಿಂದಿನಿಂದ ನನ್ನ ಓಢಣಿ ಜಗ್ಗುತ್ತಿದ್ದಳು. "ಅದಕ್ಕ ಇವತ್ತ ಕರೇದು ಮೊದಲ. ಮೊದಲನೇದರಾಗೇ ಅತ್ತಿ ಇರ್ತಾರ" ಎಂದು ಮುಗಿಸಿದೆ.

"ಏ ಹುಡುಗಿ, ಕುಬಸಕ್ಕ ಬಂದಿಯೋ ಸಾಲಿ ಕಲಸ್ಲಾಕ ಬಂದಿಯೋ?" ಎಂದರು ಕಾಶೀಬಾಯಿ.

"ಸಾಲಿ ಬಿಟ್ಟಾಕಿ ನಾನು. ನಾ ಏನ್ ಕಲಸ್ಲಿ?"

ಯಾರೋ ಕಿಸಕ್ಕೆಂದರು. ಓಣಿಯ ಹೆಂಗಸೊಬ್ಬರು "ಕಾಯ ಮ್ಹಣತೇ ಹೀ?" ಎಂದು ನನ್ನ ಮಾತಿನ ಅರ್ಥ ಪಕ್ಕದವರನ್ನು ಕೇಳುತ್ತಿದ್ದರು. ಆಗ ವಿದ್ಯಾ ಸೊಂಟಕ್ಕೆ ಕೈಯಿಟ್ಟು, "ಅವ್ವಾ, ಬಾ ಇಲ್ಲಿ. ನನ್ನ ಬೆನ್ನು ನೋಯ್ಲತ್ತದ. ನೀ ಬರೂತನ ನಾ ಹಿಂಗೇ ಕೂಡ್ತೀನಿ" ಎಂದಳು. ಅಳಲಿಲ್ಲ, ಕಿರುಚಲಿಲ್ಲ. ಬಸುರಿಯ ಬೆನ್ನು ನೋಯುವಾಗ ಯಾರು ವಾದ ಮಾಡುತ್ತಾರೆ? ಅತ್ತಿ ಬಂದರು. ಕೈಗೆ ಕಡಲೆಹಿಟ್ಟು ಮೆತ್ತಿತ್ತು, ಅದನ್ನು ಬೆನ್ನ ಹಿಂದೆ ಮುಚ್ಚಿಕೊಂಡರು.

ಕರಿಯದರಲ್ಲಿ ತೆಗೆಯಬೇಕೆಂದರೆ ಹತ್ತಿರ ಹೋಗಲೇಬೇಕಲ್ಲ, ಹೋದೆ. ಪೇಢೆಯ ವಾಸನೆ, ಮಲ್ಲಿಗೆ, ಎಣ್ಣೆ, ಕಾಶೀಬಾಯಿಯವರ ಸಿಟ್ಟಿನ ಉಸಿರು, ಎಲ್ಲ ಮುಖಕ್ಕೆ ಹೊಡೆಯುವಷ್ಟು ಹತ್ತಿರ. ಆ ಇಕ್ಕಟ್ಟಿನಲ್ಲೂ ಅದು ಎಲ್ಲರನ್ನೂ ಹಿಡಿಯಿತು. ಒತ್ತಿದೆ. ಚೆಂದದ ಫೋಟೋ ಅಂತ ಸುಳ್ಳು ಹೇಳುವುದಿಲ್ಲ. ಕಾಶೀಬಾಯಿಯವರು ಹುಣಸೆಹಣ್ಣು ತಿಂದ ಹಾಗಿದ್ದಾರೆ, ನಮ್ಮವ್ವ ನನ್ನನ್ನು ಕೊಲ್ಲುವ ಹಾಗೆ ನೋಡುತ್ತಿದ್ದಾಳೆ. ಅತ್ತಿಯ ಕಣ್ಣು ನೆಲದ ಮೇಲಿದೆ. ವಿದ್ಯಾ ಒಬ್ಬಳೇ ಕ್ಯಾಮೆರಾ ನೋಡುತ್ತಿದ್ದಾಳೆ, ಅವಳ ಕೈ ಅತ್ತಿಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದೆ.

ಅಷ್ಟರಲ್ಲಿ ಒಳಗಿನಿಂದ "ಭಜಿ ಹೊತ್ತಲಾಕತ್ತಾವ್ರೀ!" ಎಂದು ಕೂಗು ಬಂತು. ಅತ್ತಿ ಓಡಿದರು. ನಾನು ಬೆಳ್ಳಿಯದನ್ನು ತೆಗೆದಾಗ, ಮುಗಿಯಿತಲ್ಲ ಎಂದು ಎಲ್ಲರೂ ಸಡಿಲಾಗಿದ್ದರು. ಹೊತ್ತಿದ ಭಜಿಯ ಮೇಲೆ ಯಾರೋ ಏನೋ ಅಂದರು, ಕಾಶೀಬಾಯಿಯವರು ಬಾಯಿ ತುಂಬ ನಕ್ಕರು. ಅದೇ ಕ್ಷಣ ಬೆಳ್ಳಿಯದಕ್ಕೆ ಸಿಕ್ಕಿತು. ಎರಡರ ಪ್ರತಿಯನ್ನೂ ಅಂಗಡಿಯಲ್ಲಿ ನಾನೇ ತೆಗೆದು ಕೊಟ್ಟೆ. ಕಾಶೀಬಾಯಿಯವರು ಹಾಲಿನಲ್ಲಿ ಯಾವುದನ್ನು ತೂಗುಹಾಕಿದ್ದಾರೆ ಗೊತ್ತೇ? ಬೆಳ್ಳಿಯದನ್ನು. "ಇದರಾಗ ನನ್ನ ಮಾರಿ ಛಲೋ ಬಂದದ. ಆ ಕರೇದು ಕೆಡಸ್ತದ ನೋಡವಾ" ಎಂದರು! ಅತ್ತಿ ಇರುವುದನ್ನು ವಿದ್ಯಾ ಒಳಕೋಣೆಯಲ್ಲಿ ಹಾಕಿಕೊಂಡಿದ್ದಾಳೆ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನ್ನಿಸಿತು. ಇಷ್ಟೆಲ್ಲ ಮಾಡಿ, ಬೈಸಿಕೊಂಡು, ಕೊನೆಗೆ ನಿಮ್ಮ ತೀರ್ಪೇ ಹಾಲಿನಲ್ಲಿ ತೂಗುತ್ತಿದೆ. ಬರುವವರೆಲ್ಲ ಅದನ್ನೇ ನೋಡುತ್ತಾರೆ. ಅದರಲ್ಲಿ ವಿದ್ಯಾಳಿಗೆ ತಾಯಿಯೇ ಇಲ್ಲ.

ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಆಗಿನದೇ. ದಿನಾ ಕಿಸೆಯಲ್ಲಿ ಇರಬೇಕಾದ್ದು ಕರಿಯದು. ಮದುವೆಯ ವೇದಿಕೆ, ಗುಡ್ಡದ ಮೇಲಿನ ಗುಡಿ, ಮರದ ಮೇಲಿನ ಗಿಳಿ, ಇವಕ್ಕೆ ಬೆಳ್ಳಿಯದನ್ನು ಒಯ್ಯಿರಿ, ಬೇಡ ಎನ್ನುವುದಿಲ್ಲ. ಕರಿಯದರಲ್ಲಿ ಗಿಳಿ ಹಸಿರು ಎಲೆಯಾಗಿ ಬರುತ್ತದೆ. ಆದರೆ ಮನುಷ್ಯರ ಫೋಟೋ ತೆಗೆಯಲು ಕರಿಯದೇ ಸರಿ. ಅದು ನನ್ನನ್ನು ಹತ್ತಿರ ಹೋಗಿ ಬೈಸಿಕೊಳ್ಳುವಂತೆ ಮಾಡುತ್ತದೆ. ನೀವು ಒಪ್ಪುವುದಿಲ್ಲ, ಗೊತ್ತು. ಬೇಕಿದ್ದರೆ ಬಂದು ಜಗಳ ಮಾಡಿ. ಬರಲಾಗುವುದಿಲ್ಲವಲ್ಲ, ಅದೇ ನೋಡಿ ನನ್ನ ಸಿಟ್ಟು… ನೀವು ತಪ್ಪು ಎಂದು ಗೊತ್ತಾದ ದಿನವೇ ಹೇಳಲು ನೀವಿರಲಿಲ್ಲ.

ಇನ್ನೊಂದು ಮಾತು ಇದೆ. ವಿದ್ಯಾ ಹೆರಿಗೆಗೆ ಚಿಕಲಠಾಣಾಕ್ಕೆ ಬಂದಿದ್ದಾಳೆ. ಹೆಣ್ಣು ಮಗು, ನಿಮ್ಮ ಹಾಗೆ ಅಗಲ ಹಣೆ. ತಾಯಿ ಮಗು ಇಬ್ಬರೂ ಆರಾಮಾಗಿದ್ದಾರೆ. ಬರುವ ಸೋಮವಾರ ಅಲ್ಲೇ ತೊಟ್ಟಿಲಿಗೆ ಹಾಕುವುದು, ಸಿನ್ನರದಿಂದ ಬೀಗರೆಲ್ಲ ಬರುತ್ತಾರೆ. ನಿನ್ನೆ ಮಧ್ಯಾಹ್ನ ಅತ್ತಿ ಮತ್ತೆ ಫೋನು ಮಾಡಿದ್ದರು.

"ಅಂಬಿ, ಭಾನುವಾರನೇ ಬಂದುಬಿಡು. ಅಡಿಗಿಗೆ ಹೊರಗಿನವರಿಗೆ ಹೇಳೀನಿ. ನಾ ಒಲೀ ಮುಂದ ಕೂಡಂಗಿಲ್ಲ."

"ಮತ್ತ ನೀವು ಎಲ್ಲಿ ಇರ್ತೀರಿ?"

"ತೊಟ್ಲದಾಗ ಕೂಸಿನ ನಾನೇ ಹಾಕ್ತೀನಿ. ಬೀಗತೀಗೂ ಫೋನ್ ಮಾಡಿ ಹೇಳೀನಿ."

"ಅವರು ಏನಂದ್ರು?" ಎಂದೆ.

"ಏನ್ ಅಂತಾರ?" ಎಂದರು ನಿಮ್ಮ ಹೆಂಡತಿ. "ಮನಿ ನಂದು."

ನಿಮ್ಮ ಸೋದರಸೊಸಿ,
ಅಂಬಿ